ಮಗ್ಗದ ಏಟಿನ ಪಂಚಾಯ್ತಿ

ಆ ಬೇಸಿಗೆ ರಜೆಯಲ್ಲಿ ಹುಡುಗರು ನನ್ನ ತಲೆ ತಿಂದಷ್ಟು ಇನ್ಯಾವತ್ತೂ ಯಾರೂ ತಿಂದಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟು, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಸೀರೆ ನೇಯಲು ಮಗ್ಗಕ್ಕೆ ಕೂತಿದ್ದೆ. ಚಳ್ಳಕೆರೆಯಿಂದ ರಜೆಗೆ ಬಂದ ಚಿಕ್ಕಪ್ಪನ ಮಗ ಒಂದು ಆಟ ಹೊತ್ತು ತಂದ. ಅದಕ್ಕೆ ಮಣೆಯಿಲ್ಲ, ಕಾಯಿಲ್ಲ. ಒಬ್ಬೊಬ್ಬರೂ ಟಿವಿಯಲ್ಲಿ ಬರುವಂಥ ಒಬ್ಬ ಶಕ್ತಿವೀರನನ್ನು ಮನಸ್ಸಲ್ಲೇ ಕಟ್ಟಿಕೊಂಡು, ಅವನು ಏನು ಮಾಡುತ್ತಾನೆಂದು ಬಾಯಲ್ಲಿ ಹೇಳಬೇಕು. ಏಟು ತಾಗಿತೋ ಇಲ್ಲವೋ ಕವಡೆ ಹೇಳುತ್ತದೆ. ಚಿಕ್ಕಪ್ಪನ ಮಗ ರಾಕ್ಷಸನಾದ. ಅವನೆದುರು ಪಕ್ಕದ ಮನೆ ಹುಡುಗನ ಹಾರುವ ವೀರ, ನನ್ನ ತಮ್ಮನ ಬಂಡೆ ಮನುಷ್ಯ. ವೀರ ಸತ್ತರೆ ಅವನನ್ನು ಆಡಿಸಿದವನು ರಜೆ ಮುಗಿಯುವವರೆಗೂ ಹೊರಗೆ.

ಕವಡೆಯಿಂದ ಜಗಳವಿರಲಿಲ್ಲ. ಯಾರು ಮೊದಲು ಹೊಡೆದರು ಅನ್ನುವುದೇ ಜಗಳ.

“ನಾ ಹೊಡ್ದಾಗ ನೀ ಇನ್ನೂ ಹಾರೇ ಇರ್ಲಿಲ್ಲ ಕಣಲೇ!” ಎಂದ ರಾಕ್ಷಸ.

“ಹಾರಿ ಮ್ಯಾಲೆ ಹೋಗಿದ್ದೆ. ನೀ ಗಾಳಿಗೆ ಹೊಡ್ದೆ!”

“ಅಕ್ಕಾ, ನೀನೇ ಹೇಳು. ಇವ್ನು ಹಾರಿದ್ದು ಯಾವಾಗ?”

ನಾನೇನು ಹೇಳಲಿ? ಯಾರೂ ಹಾರಿರಲಿಲ್ಲ. ಮೂವರೂ ನನ್ನ ಮಗ್ಗದ ಪಕ್ಕ ಚಾಪೆಯ ಮೇಲೆ ಕೂತಿದ್ದರು.

ತಾಳಲಾರದೆ ಒಂದು ಕಟ್ಟಳೆ ಮಾಡಿದೆ. ಲಾಳಿ ಹಾಯಿಸಿ ನಾನು ಎಳೆ ಒತ್ತುವ ಹಲಗೆ ಬಡಿದ ಸದ್ದೇ ಗಡಿಯಾರ. ಹಾರುವವನಿಗೆ ಎರಡು ಏಟಿಗೊಮ್ಮೆ ಸರದಿ, ರಾಕ್ಷಸನಿಗೆ ಮೂರಕ್ಕೊಮ್ಮೆ, ಬಂಡೆಗೆ ನಾಲ್ಕಕ್ಕೊಮ್ಮೆ. ಸರದಿಯನ್ನು ಬಳಸದೆ, ಎದುರಾಳಿಯ ಏಟು ತಡೆಯಲು ಕಾದಿಡಬಹುದು. ಆದರೆ ಕಾದಿಟ್ಟವನು, ಎದುರಾಳಿ ಹೊಡೆಯುತ್ತೇನೆಂದು ಕೂಗಿದ ಮೇಲೆ ಮಗ್ಗದ ಮುಂದಿನ ಏಟು ಬೀಳುವುದರೊಳಗೆ ತನ್ನ ಮಾತು ಹೇಳಿ ಮುಗಿಸಬೇಕು. ಜಗಳ ಅರ್ಧಕ್ಕಿಳಿಯಿತು. ಉಳಿದರ್ಧ ನನ್ನ ಮೇಲೇ ಬಂತು. “ಆ ಏಟು ಲೆಕ್ಕಕ್ಕಿಲ್ಲ, ಅಕ್ಕ ಸೀನಿದ್ಲು” ಅನ್ನುವಂಥ ತಕರಾರುಗಳು.

ನನ್ನ ತಮ್ಮನಿಗೆ ಮಾತು ತೊದಲುತ್ತಿತ್ತು. ಅವನು ಬಾಯಿ ತೆರೆದರೆ ಮನೆಯವರೆಲ್ಲ ಕಾಯುತ್ತಿದ್ದೆವು; ಅವನ ಮಾತನ್ನು ಬೇರೆಯವರು ಮುಗಿಸಕೂಡದೆಂದು ಅವ್ವನ ಅಪ್ಪಣೆ. ಬೀದಿಯ ಹುಡುಗರು ಆಡಿಕೊಳ್ಳುತ್ತಿದ್ದರಿಂದ ಅವನು ಹೊರಗೆ ಆಡಲು ಹೋಗುತ್ತಿರಲಿಲ್ಲ. ಅವನಿಗಿದ್ದದ್ದು ಈ ಆಟವೊಂದೇ. ಅದಕ್ಕೇ ಅವನ ತುಟಿ ಅಲುಗಿದರೆ ನಾನು ಹಲಗೆಯನ್ನು ಕೈಯಲ್ಲೇ ತಡೆದು ನಿಲ್ಲಿಸುತ್ತಿದ್ದೆ. ಉಳಿದವರು ಇದನ್ನು ಗಮನಿಸಿರಲಿಲ್ಲ. ತಮ್ಮ ಗಮನಿಸಿದ್ದ.

ಆವತ್ತು ಸೆರಗಿನ ಕೆಲಸ. ಬೆಳಗಿನಿಂದ ಹುಡುಗರ ಕಿತ್ತಾಟ, ಮೇಲಿಂದ ಮೇಲೆ ಎಳೆ ಕಡಿದು ಗಂಟು ಹಾಕಿ ಸಾಕಾಗಿತ್ತು. ಬಂಡೆ ಮನುಷ್ಯ ಮೊದಲೇ ಏಟು ತಿಂದು ಬಳಲಿದ್ದ; ಇನ್ನೊಂದು ಬಿದ್ದರೆ ಮುಗಿಯಿತು. ತಮ್ಮ ತನ್ನ ಸರದಿ ಕಾದಿಟ್ಟಿದ್ದ. ಚಿಕ್ಕಪ್ಪನ ಮಗ, “ಗುಡ್ಡ ಕಿತ್ತು ತಲೆ ಮ್ಯಾಲೆ ಹಾಕ್ತೀನಿ!” ಎಂದು ಕೂಗಿ ಕವಡೆ ಎಸೆದ. ಏಟು ತಾಗುವ ಹಾಗೇ ಬಿತ್ತು.

“ತ... ತ...” ಎಂದ ತಮ್ಮ.

ತಡೀತೀನಿ ಅನ್ನಲಿದ್ದಾನೆಂದು ನನಗೆ ಗೊತ್ತು. ಹಲಗೆ ನನ್ನ ಕೈಯಲ್ಲಿತ್ತು. ಒಬ್ಬ ಕಮ್ಮಿಯಾದರೆ ಗಲಾಟೆಯೂ ಕಮ್ಮಿಯಾಗುತ್ತದೆ ಎಂದು ಆ ಗಳಿಗೆಯಲ್ಲಿ ನನಗನ್ನಿಸಿತು. ಬಡಿದುಬಿಟ್ಟೆ.

“ಏಟು ಬಿತ್ತು! ಬಂಡೆ ಸತ್ತ!” ಎಂದು ಕೂಗಿದ ಚಿಕ್ಕಪ್ಪನ ಮಗ.

ತಮ್ಮ ನನ್ನ ಕೈಯನ್ನೇ ನೋಡಿದ. ಅವನ ಬಾಯಿ ಇನ್ನೂ ತೆರೆದೇ ಇತ್ತು. ನಾನು ಮಗ್ಗದಿಂದ ಎದ್ದು ಬಂದೆ. “ಈ ಏಟು ಲೆಕ್ಕಕ್ಕಿಲ್ಲ ಕಣ್ರೋ. ಬೇಕಂತ್ಲೇ ಹಲಗೆ ಬ್ಯಾಗ ಹೊಡ್ದೆ.”

“ಹೋಗಕ್ಕ, ತಮ್ಮ ಅಂತ ಸುಳ್ಳು ಹೇಳ್ತೀಯ,” ಎಂದ ಚಿಕ್ಕಪ್ಪನ ಮಗ. “ಕಟ್ಟಳೆ ನಿಂದೇ ಐತೆ.”

ಪಕ್ಕದ ಮನೆಯವನೂ ತಲೆಯಾಡಿಸಿದ. “ನೀನು ಅಂಥೋಳಲ್ಲ ಬಿಡಕ್ಕ.”

ಆಣೆ ಇಟ್ಟೆ. ಬೈದೆ. ಕವಡೆ ಕಿತ್ತುಕೊಂಡೆ. ನಾನು ಬೇಕೆಂದೇ ಬಡಿದೆನೆಂದರೆ ಅವರಿಬ್ಬರೂ ಜಪ್ಪಯ್ಯ ಅಂದರೂ ನಂಬಲಿಲ್ಲ.

ತಮ್ಮ ಒಬ್ಬನೇ ನಂಬಿದ. ಎದ್ದು ಹಿತ್ತಲಿಗೆ ಹೋದ.