ಸೋಮವಾರದ ನೀರು

ನಮ್ಮ ಮನೆಯಲ್ಲಿ ನನಗೆ ಬಾಯಿಬಿಟ್ಟು ಬೈಯಲು ಜಾಗವಿರಲಿಲ್ಲ. ಗೋಳಗುಮ್ಮಟದ ಹಿಂದಿನ ಓಣಿ, ಕೆಳಗೆ ಮಾವನವರ ಬಟ್ಟೆ ಅಂಗಡಿ, ಮೇಲೆ ನಾವೆಲ್ಲ. ಅಡುಗೆಮನೆಯಲ್ಲಿ ಸೌಟನ್ನು ಸ್ವಲ್ಪ ಜೋರಾಗಿ ಇಟ್ಟರೂ ಪಡಸಾಲೆಯಿಂದ ಅತ್ತೆಯ ದನಿ ಬರುತ್ತದೆ: "ಯಾಕವಾ, ಏನಾತು?" ಏನಾಗಿಲ್ಲ ಎನ್ನಬೇಕು. ಹಾಗಾಗಿ ನಾನು ಕಾರಿನಲ್ಲಿ ಬೈಯುತ್ತಿದ್ದೆ. ಬಬಲೇಶ್ವರದ ಶಾಲೆಯಲ್ಲಿ ಶಿಕ್ಷಕಿ ನಾನು. ಕಣ್ಣು ಮಂಜಾದ ಮೇಲೆ ಮಾವ ಓಡಿಸುವುದನ್ನು ಬಿಟ್ಟಿದ್ದ ಹಳೆಯ ಕಾರು ನನ್ನ ಪಾಲಿಗೆ ಬಂದಿತ್ತು. ಊರು ದಾಟಿ ಗಾಜು ಏರಿಸಿದೆನೆಂದರೆ ಶುರು. ಮೊದಲು ಗಂಡನಿಗೆ, ಆಮೇಲೆ ಅತ್ತೆಗೆ, ಕೊನೆಗೆ ಮಾವನಿಗೆ. ಮಾವನ ಸರದಿಯೇ ಎಲ್ಲಕ್ಕಿಂತ ಉದ್ದ. ಶಾಲೆಯ ಗೇಟು ಕಾಣುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಖಾಲಿಯಾಗಿ, ಮಕ್ಕಳಿಗೆ ನಗುಮುಖದ ಟೀಚರು ಸಿಗುತ್ತಿದ್ದಳು.

ಈ ಬೇಸಿಗೆಗೆ ಮುಂಚೆ ಕಾರು ಕುದಿಯಲು ಹತ್ತಿತು. ಇಂಜಿನ್ನಿನ ಕಾವು ತೋರಿಸುವ ಮುಳ್ಳು ನಡುಮಟ್ಟ ದಾಟಿ ಕೆಂಪಿನ ಕಡೆ ಹೊರಡುತ್ತಿತ್ತು, ನಾನು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ ಯಾವುದೋ ಬೇವಿನ ಗಿಡದ ನೆರಳು ಹುಡುಕಬೇಕಾಗುತ್ತಿತ್ತು. ಮನೆಯಲ್ಲಿ ಕಾರಣ ಹುಡುಕುವುದಕ್ಕೆ ಯಾರಿಗೂ ಹೊತ್ತು ಹಿಡಿಯಲಿಲ್ಲ.

"ಕ್ಲಚ್ ಮ್ಯಾಲಿನ ಕಾಲ ತಗಿಯಂಗೇ ಇಲ್ಲ ನೀ," ಎಂದ ಗಂಡ.

"ಯಾರದರ ಕಣ್ಣ ಬಿದ್ದೈತಿ," ಎಂದರು ಅತ್ತೆ. ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ನನ್ನ ಕೈಯಾಗ ಇರೂತನಕ ಒಂದ ದಿನಾ ಕುದ್ದಿಲ್ಲ ಅದು. ಹೆಣ್ಣಮಕ್ಕಳ ಕೈಗೆ ಗಾಡಿ ಕೊಟ್ರ ಹಿಂಗ ಆಗತೈತಿ."

ಮೆಕ್ಯಾನಿಕ್ ಫ್ಯಾನು ನೋಡಿದ, ಥರ್ಮೋಸ್ಟ್ಯಾಟ್ ಬದಲಿಸಿದ, ನೀರಿನ ಬದಲು ಇಂಜಿನ್ ತಂಪಿಡುವ ಹಸಿರು ಕೂಲಂಟು ತುಂಬಿ ಕಳಿಸಿದ. ಒಂದಿಷ್ಟು ದಿನ ತಣ್ಣಗಿತ್ತು, ಮತ್ತೆ ಅದೇ ರಾಗ. ಕೊನೆಗೆ ಮಾವ ತೀರ್ಮಾನ ಕೊಟ್ಟರು. ನಿಡೋಣಿಯ ಪರಿಚಯದವರೊಬ್ಬರು ಬುಧವಾರ ಬಂದು ರೊಕ್ಕ ಕೊಟ್ಟು ಕಾರು ಒಯ್ಯುತ್ತಾರೆ. ನಾನು ಬಸ್ಸಿಗೆ ಹೋಗುವುದು. ಬಸ್ಸಿಗೇನು ಕೊರತೆಯಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತವೆ. ಆದರೆ ಬಸ್ಸಿನಲ್ಲಿ ಬೈಯಲಾಗುತ್ತದೆಯೇ? ಪಕ್ಕದ ಸೀಟಿನಾಕೆ ನಮ್ಮ ಅತ್ತೆಯ ಬೀಗರ ಪೈಕಿಯೇ ಆಗಿರುತ್ತಾಳೆ. ಆ ರಾತ್ರಿ ಅಡುಗೆಮನೆಯಲ್ಲಿ ಸೌಟನ್ನು ಸದ್ದಾಗದಂತೆ ಇಟ್ಟೆ. ದಿನಕ್ಕೆ ಅರ್ಧ ತಾಸು ನನ್ನದು ಅಂತಿತ್ತು, ಅದೂ ಹೋಗುವುದಿತ್ತು.

ಅಂದಿನಿಂದ ಮುಳ್ಳಿನ ಮೇಲೇ ನನ್ನ ಕಣ್ಣು. ಒಂದು ಮಾತು ತಿಳಿಯಿತು. ಗುಮ್ಮಟದ ಮುಂದೆ ಪ್ರವಾಸಿಗರ ಬಸ್ಸುಗಳ ನಡುವೆ ಸಿಕ್ಕು ಆಮೆಯ ಹಾಗೆ ತೆವಳುವಾಗ ಕಾರು ಸುಮ್ಮನಿರುತ್ತಿತ್ತು. ಖಾಲಿ ರಸ್ತೆಗೆ ಬಿದ್ದು ವೇಗ ಹಿಡಿದಾಗಲೇ ಕುದಿಯುತ್ತಿತ್ತು. ಕ್ಲಚ್ ಮೇಲೆ ಕಾಲಿರುವುದು ಸಂದಣಿಯಲ್ಲಿ, ಖಾಲಿ ರಸ್ತೆಯಲ್ಲಲ್ಲ. ಫ್ಯಾನು ಕೆಟ್ಟಿದ್ದರೂ ಸಂದಣಿಯಲ್ಲೇ ಕುದಿಯಬೇಕಿತ್ತು. ಗಂಡನಿಗೆ ಇದನ್ನು ಹೇಳಿದೆ. "ಹೌದೇನು?" ಎಂದು ಮೊಬೈಲು ನೋಡಿದ.

ಭಾನುವಾರ ಬಿಜ್ಜರಗಿಯಲ್ಲಿ ಅತ್ತೆಯ ತಂಗಿಯ ಮೊಮ್ಮಗನ ತೊಟ್ಟಿಲ ಶಾಸ್ತ್ರ. ನಾಲ್ವರೂ ಕಾರಿನಲ್ಲೇ ಹೊರಟೆವು. ಗಂಡ ಬೆನ್ನುನೋವೆಂದು ಅತ್ತೆಯ ಜೊತೆ ಹಿಂದೆ ಒರಗಿದ. ಮಾವ ನನ್ನ ಪಕ್ಕದಲ್ಲಿ, ನನ್ನ ಕಾಲನ್ನು ಕಾಯುತ್ತ. ಟಿಕೋಟಾ ದಾಟಿದ್ದೇ ಮುಳ್ಳು ಏರಿತು. ಎ.ಸಿ. ಆರಿಸಿ ಹೀಟರ್ ಹಚ್ಚಿದೆ. ಇಂಜಿನ್ನಿನ ಕಾವನ್ನು ಒಳಗೆ ಎಳೆದುಕೊಂಡರೆ ಅದಕ್ಕಷ್ಟು ಹಗುರಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ.

"ಯವ್ವಾ, ಈ ಬಿಸಲಾಗ ಹೀಟರ? ನಮ್ಮನ್ನ ಸುಟ್ಟ ತಿಂತಿಯೇನ?" ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಂಡರು. ಗಾಜು ಇಳಿಸಿದರೆ ಧೂಳು, ಏರಿಸಿದರೆ ಒಲೆ. ಅತ್ತೆ ಮೂಗಿಗೆ ಸೆರಗು ಹಿಡಿದು ಏರಿಸಲು ಹೇಳಿದರು, ಏರಿಸಿದೆ. ಹಿಂದಿನಿಂದ ಗಂಡನ ನಿಟ್ಟುಸಿರು, ಪಕ್ಕದಿಂದ ಮಾವನ "ಕಾಲ ತಗಿ, ಕಾಲ ತಗಿ". ಬಾಗಿಲು ತೆಗೆದು ಹೊಲದಲ್ಲಿ ಓಡಿಹೋಗಬೇಕೆನಿಸಿತು. ಆದರೆ ಅಂಗೈಯನ್ನು ಗಾಳಿ ಬರುವಲ್ಲಿ ಹಿಡಿದಾಗ ಆಶ್ಚರ್ಯವಾಯಿತು. ಮುಳ್ಳು ಕೆಂಪು ಮುಟ್ಟಿದೆ, ಹೀಟರಿನ ಗಾಳಿ ಮಾತ್ರ ಬರೀ ಉಗುರುಬೆಚ್ಚಗೆ. ನೀರು ಸರಿಯಾಗಿ ಹರಿಯುತ್ತಿದ್ದರೆ ಕೈ ಸುಡಬೇಕಿತ್ತು. ಎಲ್ಲೋ ದಾರಿ ಕಟ್ಟಿದೆ.

ದ್ರಾಕ್ಷಿ ತೋಟವೊಂದರ ಪಕ್ಕ ನಿಲ್ಲಿಸಿ ಬಾನೆಟ್ ಎತ್ತಿದೆ. ತಣ್ಣಗಾಗುವವರೆಗೆ ಯಾರೂ ಮುಚ್ಚಳ ಮುಟ್ಟಬಾರದೆಂದೆ. ಮಾವ ಡಿಕ್ಕಿಯಿಂದ ಕ್ಯಾನು ತೆಗೆದುಕೊಂಡು ತೋಟದೊಳಗೆ ನಡೆದರು. ಅವರು ಬೋರಿನ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಇಂಜಿನ್ ಆರಿತ್ತು. ಬಂದವರೇ ರೇಡಿಯೇಟರಿನ ಕೆಳಗಿನ ಬಿರಡೆಗೆ ಕೈ ಹಾಕಿದರು.

"ಅದನ್ಯಾಕ ಬಿಚ್ಚತೀರಿ?"

"ಹಳೇ ನೀರ ಚೆಲ್ಲಿ ಹೊಸಾದು ಹಾಕೂಣು. ನಿಂತ ನೀರ ಕುದೀದೇ ಇನ್ನೇನ ಮಾಡತೈತಿ? ನಾ ಪ್ರತಿ ಸೋಮವಾರ ಬದಲಿ ಮಾಡತೇನಿ. ಆ ಹಸರ ನೀರಂತೂ ವಾಸನಿ ಹೊಡೀತಿತ್ತು, ಅದೇ ವಾರ ಚೆಲ್ಲೀನಿ."

ನಾನು ಅವರನ್ನೇ ನೋಡಿದೆ. ನಮ್ಮ ಮನೆಯಲ್ಲಿ ನಿನ್ನೆಯ ನೀರನ್ನು ಯಾರೂ ಕುಡಿಯುವುದಿಲ್ಲ. ಬೆಳಗಾದರೆ ಕೊಡ ಚೆಲ್ಲಿ, ತಿಕ್ಕಿ, ಹೊಸದು ತುಂಬಬೇಕು. ಅತ್ತೆ ನನಗೆ ಕಲಿಸಿದ ಮೊದಲ ಕೆಲಸ ಅದು. ಮಾವ ಕಾರಿಗೂ ಅದೇ ಮಡಿ ಮಾಡಿದ್ದರು. ನಾನು ಒಳಗೆ ಡಬ್ಬಿ ಕಟ್ಟಿಕೊಳ್ಳುವಾಗ ಈ ಮನುಷ್ಯ ಅಂಗಡಿಯ ಮುಂದೆ ಬಗ್ಗಿ ನಮ್ಮ ಬೋರಿನ ಸವಳು ನೀರನ್ನು ವಾರವಾರವೂ ಅದರ ಹೊಟ್ಟೆಗೆ ತುಂಬಿದ್ದರು. ಆ ನೀರಿಗೆ ನಮ್ಮ ಏರ್ ಕೂಲರಿನ ಹುಲ್ಲು ಒಂದೇ ಬೇಸಿಗೆಯಲ್ಲಿ ಸುಣ್ಣ ಹಿಡಿದು ರೊಟ್ಟಿಯಂತೆ ಮುರಿಯುತ್ತದೆ.

ಮುಚ್ಚಳ ತೆಗೆದು ಮೊಬೈಲಿನ ಬೆಳಕು ಬಿಟ್ಟೆ. ಒಳಗೆ ಸಣ್ಣ ಕೊಳವೆಗಳ ಬಾಯಿ ಕಾಣಬೇಕು. ಕಂಡದ್ದು ಸುಣ್ಣದ ಬಿಳಿ ಹಕ್ಕಳೆ. ತಲೆಯ ಪಿನ್ನು ತೆಗೆದು ಕೆರೆದೆ, ಚೂರೊಂದು ಅಂಗೈಗೆ ಬಿತ್ತು. ಹೇಳಿದರೆ ಮಾವನಿಗೆ ಮುಖಭಂಗ, ಸುಮ್ಮನಿದ್ದರೆ ಬುಧವಾರ ಕಾರು ನಿಡೋಣಿಗೆ. ಒಂದು ಗಳಿಗೆ ಮಾತ್ರ ಯೋಚಿಸಿದೆ. ಬಗ್ಗಿ, ಅತ್ತೆ ಕಟ್ಟಿದ್ದ ನಿಂಬೆಹಣ್ಣನ್ನು ಬಂಪರಿನಿಂದ ಹರಿದುಕೊಂಡೆ.

"ಅಯ್ಯ, ದೃಷ್ಟಿಗೆ ಕಟ್ಟಿದ್ದ ಬೇ ಅದು!" ಅತ್ತೆ ಕೂಗಿದರು.

"ದೃಷ್ಟೀನ ತಗ್ಯಾಕತ್ತೇನಿ, ನೋಡ್ರಿ."

ಹಣ್ಣು ಕಚ್ಚಿ ಚೂರಿನ ಮೇಲೆ ಹಿಂಡಿದೆ. ಅಂಗೈಯಲ್ಲಿ ಸುರ್ರೆಂದು ನೊರೆ ಎದ್ದಿತು. ಚಹಾದ ಪಾತ್ರೆಯ ತಳದ ಸುಣ್ಣಕ್ಕೆ ನಿಂಬೆಹಣ್ಣು ತಿಕ್ಕುವ ಅತ್ತೆಗೆ ಬೇರೆ ಹೇಳಬೇಕಾಗಲಿಲ್ಲ. ಅವರು ನೊರೆ ನೋಡಿದರು, ಕ್ಯಾನು ನೋಡಿದರು, ಕೊನೆಗೆ ಮಾವನ ಮುಖ ನೋಡಿ, "ನೀವಽ ಏನ್ರಿ?" ಎಂದರು.

ಮಾವ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಗೆದ್ದಿದ್ದೆ, ಖುಷಿಯಾಗಬೇಕಿತ್ತು. ಆದರೆ ಅಂಗಡಿಯಲ್ಲಿ ಯಾವ ಗಿರಾಕಿಗೂ ಬಗ್ಗದ ಆ ಮುಖ ಅಷ್ಟು ಸಣ್ಣದಾದದ್ದನ್ನು ನೋಡಿ ಅಂಗೈಯ ನೊರೆಯನ್ನು ಸೆರಗಿಗೆ ಒರೆಸಿಕೊಂಡೆ. ಅಂದು ಬೇರೆ ದಾರಿಯಿರಲಿಲ್ಲ, ಅದೇ ಕ್ಯಾನಿನ ನೀರು ಹಾಕಿಕೊಂಡು, ನಿಂತು ನಿಂತು ಬಿಜ್ಜರಗಿ ಮುಟ್ಟಿದೆವು. ದಾರಿಯುದ್ದಕ್ಕೂ ಕಾಲು ತೆಗೆಯೆಂದು ಯಾರೂ ಅನ್ನಲಿಲ್ಲ.

ಮರುದಿನ ಕಾರು ಗ್ಯಾರೇಜಿಗೆ ಹೋಯಿತು. ಹೊಸ ರೇಡಿಯೇಟರ್ ಬಂತು, ಹೀಟರಿನ ಕೊಳವೆ ತೊಳೆದರು, ಹಸಿರು ಕೂಲಂಟು ಮತ್ತೆ ತುಂಬಿದರು. ನಿಡೋಣಿಯವರಿಗೆ ಮಾವನೇ ಫೋನು ಮಾಡಿ ಬರಬೇಡಿರೆಂದರು. ಮೆಕ್ಯಾನಿಕ್ ಕೀಲಿ ಕೊಟ್ಟಾಗ ನನಗೆ ಕುಣಿಯುವಂತಾಯಿತು. ಎಷ್ಟು ದಿನದ ಬಾಕಿ ಬೈಗುಳ ಗಂಟಲಲ್ಲಿತ್ತು! ಯಾರಿಂದ ಶುರು ಮಾಡಬೇಕೆಂದೂ ಲೆಕ್ಕ ಹಾಕಿಟ್ಟಿದ್ದೆ.

ಬೆಳಿಗ್ಗೆ ಡಬ್ಬಿ ಹಿಡಿದು ಕೆಳಗಿಳಿದೆ. ಮಾವ ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ, ಹಣೆಗೆ ವಿಭೂತಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಕೂಲಂಟಿನ ಸಣ್ಣ ಡಬ್ಬಿ.

"ಎಲ್ಲಿಗಿ ಹೊಂಟೀರಿ?"

"ನಿನ್ನ ಜೋಡಿ." ಅವರು ನನ್ನ ಕಡೆ ನೋಡಲಿಲ್ಲ. "ತಪ್ಪ ನಂದವಾ. ನನ್ನಿಂದಾಗಿ ನೀ ಎಷ್ಟ ಸಲ ದಾರ್ಯಾಗ ಒಬ್ಬಾಕೀನ ನಿಂತೀದಿ. ಅಂಗಡಿ ಮಗಾ ನೋಡ್ಕೋತಾನ. ನಿನ್ನ ಸಾಲಿ ಬಿಡೂತನಕ ನಾ ಅಲ್ಲೇ ಮಠದ ಕಟ್ಟೀ ಮ್ಯಾಲ ಕುಂಡ್ರತೇನಿ. ಇನ್ನ ನೀ ಒಬ್ಬಾಕಿ ಹೋಗೂದು ಬ್ಯಾಡ."

ಬೇಡವೆನ್ನಲು ಬಾಯಿ ತೆರೆದೆ. ಆ ಟೋಪಿ, ವಿಭೂತಿ ನೋಡಿ ಊಟದ ಡಬ್ಬಿಯನ್ನು ಹಿಂದಿನ ಸೀಟಿಗಿಟ್ಟು ಗಾಡಿ ಹಚ್ಚಿದೆ. ಊರು ದಾಟಿತು. ಕೈ ತಾನಾಗಿ ಗಾಜು ಏರಿಸಿತು. ಮಾವ ಬಗ್ಗಿ ಮುಳ್ಳು ನೋಡಿ, "ನಡುವಽ ನಿಂತೈತಿ," ಎಂದರು. ಹೌದ್ರಿ ಎಂದೆ. ಬಬಲೇಶ್ವರದವರೆಗೂ ಅದು ಅಲ್ಲಾಡಲಿಲ್ಲ, ನಾನೂ ತುಟಿ ಬಿಚ್ಚಲಿಲ್ಲ.