ತಳಿ ಅಂದರೆ ಕುರಿ

ಕಾನೂನು ಕಾಲೇಜಿನಲ್ಲಿ ನಾನು ಪಾಠ ಮಾಡುವುದು, ಬರೆಯುವುದು ಎಲ್ಲ ಒಂದೇ ವಿಷಯದ ಸುತ್ತ: ಜಾತಿ, ಜನಾಂಗದ ಹೆಸರಿನಲ್ಲಿ ಜನರ ರಕ್ತ ತೆಗೆದು ಅವರ ವಂಶವಾಹಿ ಓದುವವರಿಗೆ ಕಡಿವಾಣ ಹಾಕುವುದು ಹೇಗೆ. ಅಂಥ ನಾನೇ ಎಡವಿದೆ. ಹೊರಗಿನಿಂದ ಬಂದ ಸಂಶೋಧನಾ ತಂಡವೊಂದು ತನ್ನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದುಕೊಡಲು ಕೇಳಿತ್ತು. ‘ಸಮುದಾಯದ ತಳಿ ಅಧ್ಯಯನ’ ಎಂದು ಬರೆದುಕೊಟ್ಟೆ. ನಿಘಂಟಿನ ಪ್ರಕಾರ ಏನೂ ತಪ್ಪಿರಲಿಲ್ಲ.

ತಂಡ ಹೋದದ್ದು ಕುಳಗೇರಿ ಕ್ರಾಸಿನ ಆಚೆ, ನಮ್ಮವ್ವನ ತಂಗಿ, ಚಿಗವ್ವನ ಊರಿಗೆ. ಊರೆಲ್ಲ ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಮನೆಮನೆಗೂ ಕುರಿ. ಮುಂದಿನ ವಾರ ನಾನು ಹೋದಾಗ ಚಿಗವ್ವ ಕುರಿಗಳನ್ನು ಮೇಯಲು ಬಿಡದೆ ದಡ್ಡಿಯಲ್ಲೇ ಕೂಡಿಹಾಕಿಕೊಂಡು ಕೂತಿದ್ದಳು.

“ನಮ್ಮ ರಕ್ತ ತಗೊಂಡು ಹೋದ್ರು. ಕುರಿದು ಯಾವಾಗ ತಗೋತಾರ?”

ನಮ್ಮ ಕಡೆ ತಳಿ ಅಂದರೆ ಕುರಿಯದು, ಹೆಚ್ಚೆಂದರೆ ಜೋಳದ್ದು. ಮನುಷ್ಯರಿಗೆ ಆ ಮಾತಿಲ್ಲ. ಕಾಯುವವರ ಬ್ಯಾನಿ ಕುರಿಗೆ ಅಂಟುತ್ತದೋ ಏನೋ, ಅದಕ್ಕೇ ಮೊದಲು ತಮ್ಮ ರಕ್ತ ನೋಡುತ್ತಿದ್ದಾರೆ ಎಂದುಕೊಂಡು ಊರೆಲ್ಲ ಹೆಬ್ಬೆಟ್ಟು ಒತ್ತಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು, ಬಾಯಿಬಿಟ್ಟು ತಿಳಿಸಿ ಹೇಳದೆ ರಕ್ತ ಒಯ್ದವರ ಮೇಲೆ ಸಿಟ್ಟು ಬಂತು.

ಬಾಗಲಕೋಟೆಯಲ್ಲಿ ತಂಡದ ಮುಖ್ಯಸ್ಥರ ಎದುರು ಕೂತು, ಆ ರಕ್ತವನ್ನು ಮುಟ್ಟಕೂಡದು ಎಂದೆ. ಹೆಬ್ಬೆಟ್ಟು ಇದೆ, ಪತ್ರ ನಿಮ್ಮದೇ ಎಂದು ಅವರು ನಕ್ಕರು. ತಪ್ಪು ನನ್ನದು, ಬೇಕಾದರೆ ಸಹಿ ಮಾಡಿ ಬರೆದುಕೊಡುತ್ತೇನೆ, ರಕ್ತ ಮಾತ್ರ ನನ್ನದಲ್ಲ ಎಂದೆ. ಇನ್ನು ಮೇಲೆ ಇಂಥ ಕೆಲಸಕ್ಕೆ ನಿಮ್ಮನ್ನು ಯಾರು ಕರೆಯುತ್ತಾರೆ ಎಂದರು. ಕರೆಯದಿದ್ದರೆ ಅಷ್ಟೇ ಹೋಯಿತು ಎಂದೆ. ಕೊನೆಗೆ, ಮತ್ತೊಮ್ಮೆ ತಿಳಿಸಿ ಹೇಳಿ ಕೇಳೋಣ ಎಂಬಲ್ಲಿಗೆ ಬಂದರು.

ಚಿಗವ್ವನ ಮನೆಯ ಕಟ್ಟೆಯ ಮೇಲೆ ಕೂತು ಮುಖ್ಯಸ್ಥರು ಎಲ್ಲ ಹೇಳಿದರು: ಈ ರಕ್ತದಲ್ಲಿ ನಿಮ್ಮ ಕುಲದ ಮೂಲ ಹುಡುಕುತ್ತೇವೆ, ಅದನ್ನು ಬಹುಕಾಲ ಇಟ್ಟುಕೊಳ್ಳುತ್ತೇವೆ, ಬೇರೆಯವರಿಗೂ ಕೊಡಬಹುದು. ಮೊದಲಿನ ಪತ್ರ ಕನ್ನಡಕ್ಕೆ ತಂದದ್ದು ನಾನೇ ಎಂದು ನಾನೂ ಒಪ್ಪಿಕೊಂಡೆ. ಓಣಿಯವರು ಸುತ್ತ ನಿಂತಿದ್ದರು. ಚಿಗವ್ವ ಪೂರ್ತಿ ಕೇಳಿ ನನ್ನ ಕಡೆ ತಿರುಗಿದಳು.

“ಕುರಿ ಕೊಳ್ಳೋರು ಸೈತ ಕುರಿಯವರನ್ನ ಕೇಳಿ ಒಯ್ತಾರ. ನನ್ನ ರಕ್ತಕ್ಕ ನನ್ನ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ.”

ಅವಳು ಮುಖ್ಯಸ್ಥರಿಗೆ, ಬ್ಯಾಡ್ರಿ, ಚೆಲ್ಲಿಬಿಡ್ರಿ ಎಂದಳು. ಅವರು ಚೀಲದಿಂದ ಇನ್ನೊಂದು ಕಾಗದ ತೆಗೆದು, ನಿರಾಕರಿಸಲು ಕಾರಣ ಏನೆಂದು ಇಲ್ಲಿ ಬರೆಯಬೇಕಾಗುತ್ತದೆ ಎಂದರು.

“ಬ್ಯಾಡ ಅನ್ನಾಕ ಕಾರಣ ಬೇಕೇನ್ರಿ?”

ನಾನು ಅವರ ಕೈಯಿಂದ ಪೆನ್ನು ಇಸಿದುಕೊಂಡು, ಕಾರಣದ ಜಾಗದಲ್ಲಿ ಅವಳ ಮಾತನ್ನು ಹಾಗೇ ಬರೆದೆ. ಓದಿ ಹೇಳು ಎಂದಳು. ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು.