ಕೋಟು ತೊಟ್ಟವನನ್ನು ಮೂದಲಿಸಬಾರದು

ವರ್ನಾ ಯಾಬ್ಲೊನ್ಸ್ಕಿಯ ಗಂಟಲಿನ ಬಗ್ಗೆ ಮಿಲ್ವಾಕಿಯಲ್ಲಿ ಎರಡು ಮಾತಿಲ್ಲ. ಮೂವತ್ತೊಂದು ವರ್ಷ ಈ ಊರಿನ ಬಸ್ಸು ಓಡಿಸಿದವಳು. ಹಿಂದಿನ ಬಾಗಿಲಿಗೆ ಅಡ್ಡ ನಿಂತವರನ್ನು ಮೈಕು ಮುಟ್ಟದೆ, ತಿರುಗಿಯೂ ನೋಡದೆ, ಒಳಗೆ ಸರಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಅಂಥ ಗಂಟಲನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದು? ಬಾಸ್ಕೆಟ್‌ಬಾಲಿಗೆ ಧಾರೆ ಎರೆದಳು.

ನಾನು ಓರಿನ್. ನಲವತ್ತು ವರ್ಷದಿಂದ ಕ್ಷೌರದ ಅಂಗಡಿ ಇಟ್ಟಿದ್ದೇನೆ, ಆದ್ದರಿಂದ ಮಾತು ಸ್ವಲ್ಪ ಜಾಸ್ತಿ, ಸಹಿಸಿಕೊಳ್ಳಬೇಕು. ವರ್ನಾ, ನಾನು, ಸಾಸೇಜ್ ಮಾಡಿ ಮಾರುವ ಫಿಲಿಬೆರ್ತೊ, ಮೂವರೂ ಸೇರಿ ಕ್ರೀಡಾಂಗಣದಲ್ಲಿ ಆಟದ ಇಡೀ ಋತುವಿಗೆ ಎರಡು ಸೀಟು ಹಿಡಿದಿದ್ದೇವೆ. ಬುಟ್ಟಿಯ ಹಿಂದೆ ಆರನೇ ಸಾಲು. ಎದುರು ತಂಡದವರು ಒಳಗೆ ಬರುವ, ಹೊರಗೆ ಹೋಗುವ ದಾರಿ ಸರಿಯಾಗಿ ನಮ್ಮ ಕೆಳಗೇ.

ಮೂವರು ಜನ, ಎರಡು ಸೀಟು. ಪ್ರತಿ ಪಂದ್ಯಕ್ಕೂ ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ಯಾರು ಎನ್ನುವುದು ಅಕ್ಟೋಬರ್ ತಿಂಗಳ ಒಂದು ಶುಕ್ರವಾರ, ನಾವು ಆಗಾಗ ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ ಆಡಲು ಹೋಗುವ ಬೌಲಿಂಗ್ ಅಂಗಡಿಯಲ್ಲಿ, ಕರಿದ ಮೀನಿನ ತಟ್ಟೆಗಳ ನಡುವೆ ತೀರ್ಮಾನವಾಗುತ್ತದೆ. ಒಂದೊಂದು ಪಂದ್ಯಕ್ಕೂ ಒಬ್ಬೊಬ್ಬರು ಒಂದು ಇಸ್ಪೀಟು ಎಲೆ ಎತ್ತಬೇಕು, ಕಡಿಮೆ ಎಲೆ ಬಂದವರು ಮನೆಗೆ. ಆಮೇಲೆ ಶುರುವಾಗುತ್ತದೆ ವ್ಯಾಪಾರ. ನಿನ್ನ ಡಿಸೆಂಬರ್ ನನಗೆ ಕೊಡು, ನನ್ನ ಜನವರಿ ನೀನು ತಗೋ. ಒಪ್ಪಂದವನ್ನು ಬಿಯರ್ ಲೋಟದಡಿ ಇಡುವ ರಟ್ಟಿನ ಬಿಲ್ಲೆಯ ಮೇಲೆ ಬರೆದು ರುಜು ಹಾಕುತ್ತೇವೆ. ರಟ್ಟಿಗೆ ಬಿದ್ದ ಮಾತನ್ನು ಇಲ್ಲಿಯವರೆಗೆ ಯಾರೂ ಮುರಿದಿಲ್ಲ.

ಎದುರು ತಂಡದವರನ್ನು ವರ್ನಾ ಕೂಗಿ ಮೂದಲಿಸುವುದಕ್ಕೂ ಕಟ್ಟುಪಾಡುಗಳಿವೆ. ಆಟಗಾರನ ತಾಯಿಯ ಸುದ್ದಿಗೆ ಹೋಗಬಾರದು. ಮೈಕಟ್ಟು ಆಡಿಕೊಳ್ಳಬಾರದು. ಹೇಳಿದ್ದನ್ನೇ ಹೇಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಆಟದ ಬಟ್ಟೆ ತೊಟ್ಟವನನ್ನು ಮಾತ್ರ ಮೂದಲಿಸಬೇಕು. ಕೋಟು ತೊಟ್ಟು ಕುಳಿತವನು ಗಾಯಾಳು ಇರಬಹುದು, ತರಬೇತುದಾರ ಇರಬಹುದು, ಅವನ ತಂಟೆ ಬೇಡ. ಇದನ್ನು ಮೀರಿದ ಪಕ್ಕದ ಸಾಲಿನವನೊಬ್ಬನನ್ನು ಅವಳು ಒಮ್ಮೆ ಬಸ್ಸಿನಿಂದ ಇಳಿಸುವ ಹಾಗೆ ಸೀಟಿನಿಂದ ಎಬ್ಬಿಸಿ ಕಳಿಸಿದ್ದಳು.

ಅವಳ ಜನ್ಮವೈರಿಯ ಹೆಸರು ಕೊರ್ನೆಲ್ ವಿಕರ್ಸ್. ನಮ್ಮೂರಿನ ಪಕ್ಕದ ದೊಡ್ಡ ಸರೋವರದಾಚೆಯ ತಂಡದವನು. ಇಪ್ಪತ್ತೆರಡರ ಹುಡುಗ ಮೊದಲ ಸಲ ಇಲ್ಲಿ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ, ಎಸೆಯಲು ನಿಂತಾಗ ವರ್ನಾ ಏನೋ ಕೂಗಿದಳು, ಎರಡೂ ಎಸೆತ ಬುಟ್ಟಿಗೆ ಬೀಳಲಿಲ್ಲ. ತಿರುಗಿ ಆರನೇ ಸಾಲನ್ನು ಗುರುತು ಹಾಕಿಕೊಂಡ. ಅಲ್ಲಿಂದ ಹದಿನಾರು ವರ್ಷ ನಡೆಯಿತು ಇವರಿಬ್ಬರ ಜುಗಲ್‌ಬಂದಿ. ಒಂದು ವರ್ಷ ಬುಟ್ಟಿಗೆ ಹಾಕಿ ತುಟಿಗೆ ಬೆರಳಿಟ್ಟು ತೋರಿಸಿದ. ಇನ್ನೊಂದು ವರ್ಷ ತಪ್ಪಿದಾಗ ಸೊಂಟ ಬಗ್ಗಿಸಿ ನಮಸ್ಕಾರ ಹಾಕಿದ. ಮಾತು ಮಾತ್ರ ಒಂದೂ ಆಡಲಿಲ್ಲ. ನಮ್ಮನ್ನು ಅವನಷ್ಟು ಸೋಲಿಸಿದವನು ಇನ್ನೊಬ್ಬನಿಲ್ಲ, ಆದರೂ ನನ್ನ ಅಂಗಡಿಯಲ್ಲಿ ಯಾರಾದರೂ ಅವನ ಬಗ್ಗೆ ಹಗುರವಾಗಿ ಮಾತಾಡಿದರೆ ವರ್ನಾಳಿಗೆ ಮೂಗಿನ ತುದಿಯಲ್ಲಿ ಕೋಪ. ಅವನನ್ನು ಬೈಯುವ ಹಕ್ಕು ತನ್ನೊಬ್ಬಳದು ಎಂದುಕೊಂಡಿದ್ದಳು.

ಕಳೆದ ಶರತ್ಕಾಲದಲ್ಲಿ ವಿಕರ್ಸ್ ಇದೇ ತನ್ನ ಕೊನೆಯ ವರ್ಷ ಎಂದು ಘೋಷಿಸಿದ. ಅವರ ತಂಡ ನಮ್ಮೂರಿಗೆ ಬರುವುದು ಮಾರ್ಚಿನಲ್ಲಿ ಒಂದೇ ಸಲ. ಆ ಪಂದ್ಯಕ್ಕೆ ವರ್ನಾ ಎತ್ತಿದ್ದು ಇಸ್ಪೀಟಿನ ಎರಡು. ಇಡೀ ಕಟ್ಟಿನಲ್ಲಿ ಅದಕ್ಕಿಂತ ದರಿದ್ರ ಎಲೆ ಇಲ್ಲ. ಅವಳು ಮೊದಲು ನನ್ನನ್ನೇ ಕೇಳಿದಳು. ನಾನು ಕೊಡಲಿಲ್ಲ. ಅವನ ಕೊನೆಯ ಆಟ ನಾನೂ ನೋಡಬೇಡವೇ ಎಂದೆ. ಆಗ ಫಿಲಿಬೆರ್ತೊ ಮೀನಿನ ಮುಳ್ಳು ತೆಗೆಯುತ್ತ, ತನ್ನ ಸೀಟು ಕೊಡುತ್ತೇನೆ, ಬದಲಿಗೆ ವಸಂತದ ಪ್ಲೇಆಫ್ ಪಂದ್ಯಗಳಲ್ಲಿ ವರ್ನಾಳ ಪಾಲು ಪೂರ್ತಿ ತನಗೆ ಬೇಕು ಎಂದ. ಪ್ಲೇಆಫ್ ಎಂದರೆ ಋತುವಿನ ಕೊನೆಗೆ ಉಳಿದ ಒಳ್ಳೆಯ ತಂಡಗಳು ಮಾತ್ರ ಆಡುವ ಘಟ್ಟ. ನಮ್ಮವರು ಆರು ವರ್ಷದಿಂದ ಅದರ ಹೊಸ್ತಿಲು ತುಳಿದಿರಲಿಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದಾನೆ ನೋಡು," ಎಂದು ನಕ್ಕು ವರ್ನಾ ರಟ್ಟಿಗೆ ರುಜು ಹಾಕಿದಳು.

ಈ ತಪ್ಪನ್ನು ದೊಡ್ಡ ದೊಡ್ಡ ತಂಡಗಳ ಮಾಲೀಕರೂ ಮಾಡುತ್ತಾರೆ, ಇವತ್ತಿನ ಒಬ್ಬ ಆಟಗಾರನಿಗಾಗಿ ನಾಳೆಯದನ್ನೆಲ್ಲ ಒತ್ತೆ ಇಡುತ್ತಾರೆ. ಅವರಿಗೆ ಸಲಹೆಗಾರರಿದ್ದಾರೆ. ವರ್ನಾಳಿಗೆ ಇದ್ದವನು ನಾನು.

ಐದು ತಿಂಗಳು ಒಂದೇ ಒಂದು ಮೂದಲಿಕೆಯನ್ನು ತಿದ್ದಿ ತೀಡಿದಳು. ವಿಕರ್ಸ್‌ಗೆ ವಯಸ್ಸಾಗುತ್ತ ಫ್ರೀ ಥ್ರೋಗೆ ಮುಂಚೆ ಚೆಂಡನ್ನು ಬಡಿಯುವುದು ಜಾಸ್ತಿಯಾಗಿತ್ತು. ಬುಟ್ಟಿ ಇರುವುದು ಹದಿನೈದು ಅಡಿ ದೂರದಲ್ಲಿ. "ಇಡೀ ಸರೋವರ ದಾಟಿ ಬಂದೆಯಲ್ಲೋ, ಹದಿನೈದು ಅಡಿ ದಾಟೋಕೆ ಇಷ್ಟು ಹೊತ್ತಾ?" ಎನ್ನುವುದು ಸಿದ್ಧವಾಯಿತು. ನನ್ನ ಅಂಗಡಿಯ ಕುರ್ಚಿಯಲ್ಲಿ ಕುಳಿತು ಅದನ್ನು ಹತ್ತು ಬಗೆಯಲ್ಲಿ ಕೂಗಿ ನೋಡಿದಳು. ಒಬ್ಬ ಗಿರಾಕಿಯ ಮೀಸೆ ಅದರಿಂದಾಗಿಯೇ ಓರೆಯಾಯಿತು.

ಮಾರ್ಚ್ ಬಂತು. ನಾವಿಬ್ಬರೂ ಸೀಟಿನಲ್ಲಿ ಕೂತು, ಸಾಸಿವೆ ಹಚ್ಚಿದ ಸಾಸೇಜ್ ಬಾಯಿಗಿಡುವ ಹೊತ್ತಿಗೆ ಫಲಕದ ಮೇಲೆ ಸುದ್ದಿ ಬಂತು: ವಿಕರ್ಸ್ ಈ ಹೊತ್ತು ಆಡುವುದಿಲ್ಲ. ವಿಶ್ರಾಂತಿ. ದೊಡ್ಡ ಪಂದ್ಯಗಳಿಗೆ ಕಾಲು ಉಳಿಸಬೇಕಂತೆ.

ಇಡೀ ಕ್ರೀಡಾಂಗಣ ಗೊಣಗಿತು. ವರ್ನಾ ಗೊಣಗಲಿಲ್ಲ. ಸಾಸೇಜನ್ನು ಕಾಗದದಲ್ಲಿ ಮತ್ತೆ ಸುತ್ತಿ ಕಾಲ ಬಳಿ ಇಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ತಮಾಷೆಗೆ ಹೇಳಹೊರಟವನು ಅವಳ ಮುಖ ನೋಡಿ ನುಂಗಿಕೊಂಡೆ. ಸ್ವಲ್ಪ ಹೊತ್ತಿಗೆ ವಿಕರ್ಸ್ ಬೂದು ಬಣ್ಣದ ಕೋಟು ತೊಟ್ಟು ಬಂದ. ಕೆಳಗೆ ಹಾದು ಹೋಗುವಾಗ ಆರನೇ ಸಾಲಿನತ್ತ ಕತ್ತೆತ್ತಿದ. ಏನೂ ಬರಲಿಲ್ಲ. ಆಟದ ನಡುವೆ ಎರಡು ಸಲ ತಿರುಗಿ ನೋಡಿದ, ಆಗಲೂ ಇಲ್ಲ. ಕಟ್ಟುಪಾಡು ಕಟ್ಟುಪಾಡೇ.

ಅರ್ಧ ಆಟ ಮುಗಿದು ತಂಡ ಒಳಗೆ ಹೋಗುವಾಗ ಅವನು ಹಿಂದೆ ಉಳಿದು, ನಮ್ಮ ಕೆಳಗೆ ಕಂಬಿಯ ಹತ್ತಿರ ನಿಂತು ಕೈ ಮಾಡಿ ಕರೆದ. ವರ್ನಾ ಎದ್ದಳು. ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಕಂಬಿ ಹಿಡಿದು, ಮತ್ತೊಂದು ಮೆಟ್ಟಿಲು. ಆರು ಮೆಟ್ಟಿಲು ಇಳಿಯುವುದಕ್ಕೆ ಅವಳಿಗೆ ಹಿಡಿದ ಹೊತ್ತನ್ನು ಅವನು ಪೂರ್ತಿ ನೋಡಿದ. ಆಸರೆಗೆಂದು ಹಿಂದೆಯೇ ಇಳಿದಿದ್ದ ನಾನೂ ನೋಡಿದೆ.

"ಏನಮ್ಮಾ, ಈ ವರ್ಷ ನನಗೇನೂ ಇಲ್ವಾ?" ಎಂದ. ಹದಿನಾರು ವರ್ಷಕ್ಕೆ ಅದು ಮೊದಲ ಮಾತು.

"ಕೋಟು ಹಾಕ್ಕೊಂಡು ಬಂದವರನ್ನ ನಾನು ಮಾತಾಡಿಸಲ್ಲ. ಮೂವತ್ತೊಂದು ವರ್ಷ ಬಸ್ ಓಡಿಸಿದೀನಿ ತಮ್ಮಾ, ಹಿಮ ಬೀಳಲಿ ಬೆಂಕಿ ಬೀಳಲಿ, ಒಂದು ದಿನ ರೆಸ್ಟ್ ಅಂತ ತಗೊಂಡವಳಲ್ಲ."

"ಯಾವ ಕಾಲು?"

"ಬಲಗಾಲು. ಬ್ರೇಕ್ ಒತ್ತಿ ಒತ್ತಿ."

"ನಂದೂ ಅದೇ. ನೀವು ರೆಸ್ಟ್ ತಗೊಂಡಿಲ್ಲ ಅನ್ನೋದು ನೋಡಿದ್ರೇ ಗೊತ್ತಾಗುತ್ತೆ ಬಿಡಿ."

ಹದಿನಾರು ವರ್ಷ ಕೂಗಿದ್ದಕ್ಕೆಲ್ಲ ಅವನು ಒಂದೇ ಏಟಿಗೆ ಲೆಕ್ಕ ಚುಕ್ತಾ ಮಾಡಿದ್ದ. ಆಮೇಲೆ ದನಿ ತಗ್ಗಿಸಿ, ವಿಶ್ರಾಂತಿಯಲ್ಲಿರುವ ಆಟಗಾರರನ್ನು ಊರಲ್ಲೇ ಬಿಟ್ಟು ಬರುತ್ತಾರೆ, ತಾನೇ ಹಠ ಹಿಡಿದು ವಿಮಾನ ಹತ್ತಿದ್ದು ಎಂದ. "ಇಲ್ಲಿ ನಿಮ್ಮದೊಂದು ಬೈಗುಳ ಬಾಕಿ ಇತ್ತಲ್ಲ. ಇರಲಿ, ಏಪ್ರಿಲ್‌ನಲ್ಲಿ ಕೊಡಿ. ನಿಮ್ಮವರು ಈ ಸಲ ಪ್ಲೇಆಫ್‌ಗೆ ಬರ್ತಾರೆ."

ಏಪ್ರಿಲ್ ಎಂದಾಗ ವರ್ನಾಳ ಮುಖ ನೋಡಬೇಕಿತ್ತು. ಅವಳ ಏಪ್ರಿಲ್ ಫಿಲಿಬೆರ್ತೊವಿನ ಜೇಬಿನಲ್ಲಿತ್ತು.

ಅವನು ಹೇಳಿದ ಹಾಗೆಯೇ ಆಯಿತು. ನಮ್ಮವರು ಎಂಟನೆಯ ತಂಡವಾಗಿ ತೂರಿಕೊಂಡರು, ಎದುರಾದವರು ಸರೋವರದಾಚೆಯವರೇ. ಫಿಲಿಬೆರ್ತೊ ರಟ್ಟಿನ ಬಿಲ್ಲೆಯನ್ನು ಚೌಕಟ್ಟು ಹಾಕಿಸಿ ಸಾಸೇಜ್ ಅಂಗಡಿಯ ಗೋಡೆಗೆ ನೇತುಹಾಕಿದ. ವರ್ನಾ ಅವನ ಅಂಗಡಿಗೆ ಹೋಗುವುದನ್ನು ಬಿಟ್ಟಳು, ಆದರೆ ಸೀಟು ವಾಪಸ್ ಕೊಡು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ವರ್ನಾ ಆಗುತ್ತಿರಲಿಲ್ಲ. ಬೌಲಿಂಗ್ ಅಂಗಡಿಯ ಟೀವಿಯಲ್ಲಿ ನೋಡುತ್ತೇನೆ ಬಿಡು ಎಂದಳು. ನನಗೆ ಅಕ್ಟೋಬರಿನ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು. ಕೇಳಿದಾಗ ಕೊಡದವನು ನಾನು.

ನಮ್ಮೂರಿನ ಮೊದಲ ಪಂದ್ಯದ ಹಿಂದಿನ ದಿನ ಅವಳ ಮನೆಗೆ ಹೋಗಿ ನನ್ನ ಸೀಟಿನ ಚೀಟಿ ಮೇಜಿನ ಮೇಲಿಟ್ಟೆ. ಮೊಣಕಾಲು ನೋವು, ರೆಸ್ಟ್ ತಗೋಬೇಕು ಎಂದೆ.

"ಮೊನ್ನೆ ತಾನೇ ಬೌಲಿಂಗಿನಲ್ಲಿ ನನ್ನನ್ನ ಸೋಲಿಸಿದೆಯಲ್ಲೋ."

"ಅದಕ್ಕೇ ನೋವು. ನಿನ್ನನ್ನ ಸೋಲಿಸೋದು ಅಂದ್ರೆ ಸುಮ್ಮನೆನಾ?"

ಅವಳು ನನ್ನನ್ನು ನೋಡಿದಳು. ಸುಳ್ಳು ಹೇಳಿ ಹಳೇ ಚೀಟಿಯಲ್ಲಿ ಬಸ್ ಹತ್ತಲು ನೋಡುವವರನ್ನು ನೋಡುವ ನೋಟ. ಕೊನೆಗೆ ಚೀಟಿ ತೆಗೆದುಕೊಂಡಳು.

ನಾನು ಮನೆಯಲ್ಲಿ ಟೀವಿ ಮುಂದೆ ಕುಳಿತೆ. ಆಟದ ಮೂರನೇ ಕಾಲುಭಾಗದಲ್ಲಿ ವಿಕರ್ಸ್ ಫ್ರೀ ಥ್ರೋಗೆ ನಿಂತ. ಕ್ಯಾಮೆರಾ ಬುಟ್ಟಿಯ ಹಿಂದಿನ ಜನವನ್ನು ತೋರಿಸಿತು. ಆರನೇ ಸಾಲಿನಲ್ಲಿ ಫಿಲಿಬೆರ್ತೊ ಕಿವಿ ಮುಚ್ಚಿಕೊಂಡಿದ್ದಾನೆ, ಪಕ್ಕದಲ್ಲಿ ವರ್ನಾ ಎದ್ದು ನಿಂತಿದ್ದಾಳೆ. ಟೀವಿಯಲ್ಲಿ ಬರೀ ಗದ್ದಲ ಕೇಳುತ್ತಿತ್ತು, ಆದರೆ ಅವಳ ತುಟಿ ಆಡಿದ್ದು ಕಂಡಿತು. ಅವಳ ಜೊತೆಗೆ ನಾನೂ ಆ ಹದಿನೈದು ಅಡಿಯ ಮಾತನ್ನೇ ಟೀವಿಗೆ ಕೂಗಿದೆ. ವಿಕರ್ಸ್ ಚೆಂಡು ಬಡಿಯುವುದನ್ನು ನಿಲ್ಲಿಸಿದ. ನಗು ಬಂತು ಅವನಿಗೆ. ನಗುತ್ತಲೇ ಎಸೆದ, ಚೆಂಡು ಬುಟ್ಟಿಯ ಬಳೆಗೆ ತಗುಲಿ ಆಚೆ ಹೋಯಿತು. ಎರಡನೆಯದನ್ನು ನಗು ನಿಲ್ಲಿಸಿಕೊಂಡು ಬುಟ್ಟಿಗೆ ಹಾಕಿದ. ವಾಪಸ್ ಓಡುವ ಮುಂಚೆ ಆರನೇ ಸಾಲಿನ ಕಡೆ ನೋಡಿ ತನ್ನ ಬಲ ಮೊಣಕಾಲನ್ನು ಎರಡು ಸಲ ತಟ್ಟಿದ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಅಂದು ಸೋತೆವು, ಮುಂದೆ ಸರಣಿಯನ್ನೂ ಸೋತೆವು. ಆ ಪಂದ್ಯದ ಮಾರನೇ ದಿನ ಬೆಳಿಗ್ಗೆ, ನಮ್ಮ ಬೌಲಿಂಗ್ ಆಟಕ್ಕೆ ಹೊರಡುವ ಹೊತ್ತಿಗೆ, ವರ್ನಾ ಫೋನ್ ಮಾಡಿದಳು. ಗಂಟಲು ಪೂರ್ತಿ ಕೂತಿತ್ತು, ಅವಳೇ ಎಂದು ಗುರುತಿಸುವುದು ಕಷ್ಟವಾಯಿತು. ನಿನ್ನ ಮೊಣಕಾಲು ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ, ನಿನ್ನದು ಹೇಗಿದೆ ಎಂದೆ.

"ಆಟ ಮುಗಿಯೋವರೆಗೂ ನಿಂತೇ ಇದ್ದೆ ಕಣೋ," ಎಂದಳು. "ಇವತ್ತು ನಾನು ಬರಲ್ಲ. ರೆಸ್ಟ್."